ಮೊದಲನೆಯ ಸಾಲು

ಬೆಳಿಗ್ಗೆ ಓಣಿಯ ಗೊಂಬೆ ಕಡೆಯುವ ಲೇತುಗಳು ಮತ್ತೆ ತಿರುಗತೊಡಗಿದವು. ಇದ್ರೀಸ್‌ನನ್ನು ಮಣ್ಣು ಮಾಡಿ ಬಂದ ದಿನದಿಂದ ನೆರೆಯವರು ಮರ್ಯಾದೆಗೆಂದು ಮೋಟಾರು ಹಾಕಿರಲಿಲ್ಲ. ಈಗ ಮೂರನೆಯ ದಿನದ ಜಿಯಾರತ್ ಮುಗಿದಿತ್ತು, ಕನಕಪುರದ ನೆಂಟರು ಹಿಂದಿನ ಸಂಜೆಯೇ ಬಸ್ಸು ಹತ್ತಿದ್ದರು. ಮೊದಲು ಎದುರುಮನೆಯದು, ಆಮೇಲೆ ಮೂಲೆಮನೆಯದು, ಹೀಗೆ ಒಂದೊಂದೇ ಸದ್ದು ಎದ್ದು, ಕಾದ ಅರಗಿನ ವಾಸನೆ ಅಡುಗೆಮನೆಯ ಕಿಟಕಿಗೆ ಬಂತು. ಇದ್ರೀಸ್‌ನ ಹೆಂಡತಿ ಯಾಸ್ಮಿನ್ ಚಹಾ ಸೋಸುತ್ತಿದ್ದಳು. ತಮ್ಮ ಹಿತ್ತಿಲಿನ ಲೇತಿಗಾಗಿ ತನ್ನ ಕಿವಿ ಕಾಯುತ್ತಿದೆಯೆಂದು ಅವಳಿಗೆ ಗೊತ್ತಾದದ್ದು ಲೋಟ ತುಂಬಿ ಚೆಲ್ಲಿದ ಮೇಲೆ.

ನಡುಮನೆಗೂ ಪಡಸಾಲೆಗೂ ನಡುವೆ ಅತ್ತೆ ಹಮೀದಾ ಹಳೆಯ ಹೊದಿಕೆಯೊಂದನ್ನು ಪರದೆಯಾಗಿ ಕಟ್ಟಿದ್ದರು. ಗಂಡ ತೀರಿಕೊಂಡವಳ ಇದ್ದತ್, ನಾಲ್ಕು ತಿಂಗಳು ಹತ್ತು ದಿನ, ಮುಗಿಯುವ ತನಕ ಯಾಸ್ಮಿನ್ ಹೊಸಿಲು ದಾಟುವಂತಿಲ್ಲ, ಹೊರಗಿನ ಗಂಡಸರ ಕಣ್ಣಿಗೆ ಬೀಳುವಂತಿಲ್ಲ. ಆ ಲೆಕ್ಕದಲ್ಲಿ ಮೈದುನನೂ ಹೊರಗಿನವನೇ. ಮೊನ್ನೆಮೊನ್ನೆಯವರೆಗೂ ಅವಳ ತಟ್ಟೆಯಿಂದ ಹಪ್ಪಳ ಕದಿಯುತ್ತಿದ್ದ ತೌಹೀದ್ ಈಗ ಪರದೆಯಾಚೆ ನಿಂತು ಗಂಟಲು ಸರಿಮಾಡಿಕೊಂಡ.

ವಿಷಯಕ್ಕೆ ಬರಲು ಅವನಿಗೆ ಹೊತ್ತು ಹಿಡಿಯಿತು. ಮೈಸೂರಿನ ಕರಕುಶಲ ಮೇಳದಲ್ಲಿ ಅಣ್ಣ ಮಳಿಗೆ ಹಿಡಿದಿದ್ದ. ಬಿಟ್ಟರೆ ವರ್ಷದ ವ್ಯಾಪಾರ ಕೈತಪ್ಪುತ್ತದೆ, ಸಂಜೆಯೇ ಹೊರಡಬೇಕು. ವಿಸಿಟಿಂಗ್ ಕಾರ್ಡು ಖಾಲಿಯಾಗಿವೆ. ಇದ್ದ ಕಾರ್ಡಿನಲ್ಲಿ ಅಣ್ಣನ ನಂಬರಿದೆ, ಅದನ್ನು ಬದಲಾಯಿಸಬೇಕು.

"ಹೆಸ್ರೂ ಒಸಿ ನೋಡ್ಬೇಕಿತ್ತು ಭಾಬಿ," ಎಂದ ಕೊನೆಗೆ. "ಕಾರ್ಡ್ ಇಸ್ಕೊಂಡೋರೆಲ್ಲ ಫೋನ್ ಮಾಡಿ ಇದ್ರೀಸ್ ಭಾಯ್ ಅಂತಾರೆ. ಪ್ರತಿ ಸಲಾನೂ ಹೋಗ್ಬುಟ್ಟ ಅಂತ ನಾನು ಹೆಂಗೇಳ್ಲಿ?"

ಯಾಸ್ಮಿನ್ ಕೈ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂತಳು. ಆ ಕಾರ್ಡು ಅವಳೇ ಮಾಡಿದ್ದು.

ಮೈಸೂರಿನಲ್ಲಿ ಓದುವಾಗ ಕಲಿತ ವಿದ್ಯೆ ಅದು. ಮದುವೆಯಾಗಿ ಬಂದವಳು ಬಸ್‌ಸ್ಟ್ಯಾಂಡ್ ರಸ್ತೆಯ ಗಂಗಹನುಮಯ್ಯನವರ ಪ್ರೆಸ್ಸಿಗೆ ಮನೆಯಿಂದಲೇ ಡಿಸೈನು ಮಾಡಿಕೊಡುತ್ತಿದ್ದಳು. ಗಂಡಹೆಂಡಿರ ಮೊದಲ ಜಗಳವೂ ಕಾರ್ಡಿನದೇ. ಇದ್ರೀಸ್‌ನ ಹಳೆಯ ಕಾರ್ಡಿನಲ್ಲಿ ಏನಿತ್ತು ಅನ್ನುವುದಕ್ಕಿಂತ ಏನಿರಲಿಲ್ಲ ಅನ್ನುವುದೇ ಸುಲಭ. ಕಾಮನಬಿಲ್ಲಿನ ಹಿನ್ನೆಲೆ, ಕುದುರೆ, ರೈಲು, ಗಿಲಕಿ, ಮೂರು ಭಾಷೆ, ಮನೆಯ ವಿಳಾಸ, ಮಾವನ ಮನೆಯ ವಿಳಾಸ, ಕೆಂಪಿನ ಮೇಲೆ ಹಳದಿಯಲ್ಲಿ ನಂಬರು. ಎಲ್ಲವನ್ನೂ ಹೇಳುವ ಕಾರ್ಡನ್ನು ಯಾರೂ ಓದುವುದಿಲ್ಲ ಎಂದಿದ್ದಳು ಅವಳು. ಒಂದೊಂದರ ಮೇಲೂ ಬೆರಳಿಟ್ಟು ಮುಚ್ಚಿ ನೋಡಬೇಕು; ಮುಚ್ಚಿದರೂ ಕಾರ್ಡಿಗೆ ಏನೂ ಕಮ್ಮಿಯಾಗದಿದ್ದರೆ ಅದು ಅಲ್ಲಿರಬೇಕಾದ್ದಲ್ಲ. ಇದ್ರೀಸ್ ಅರಗು ಮೆತ್ತಿದ ತನ್ನ ಹೆಬ್ಬೆರಳನ್ನು ಊರಿ, "ನನ್ ಬೆರ್ಳಿಗೆ ಮೂರು ಸಾಲು ಒಟ್ಗೇ ಮುಚ್ಚೋಯ್ತವೆ. ಕೊನೀಗೆ ನಿನ್ ಬಿಳೀ ಕಾಗ್ದ ಒಂದೇ ಮಿಕ್ಕೋದು," ಎಂದು ನಕ್ಕಿದ್ದ. ಆದರೂ ಸೋತ. ಕೆನೆಬಣ್ಣದ ಕಾರ್ಡು, ಮೇಲಿನಿಂದ ಕಂಡ ಹಾಗೆ ಒಂದು ಬುಗುರಿ, ಮೊದಲನೆಯ ಸಾಲಿನಲ್ಲಿ ಅವನ ಹೆಸರು, ಅದರ ಕೆಳಗೆ ಚನ್ನಪಟ್ಟಣದ ಮರದ ಗೊಂಬೆ, ಆಮೇಲೆ ನಂಬರು. ಅಷ್ಟೇ.

ಅವಳು ನಂಬರು ಬದಲಾಯಿಸಿದಳು. ಮೊದಲನೆಯ ಸಾಲನ್ನು ಅಳಿಸಿ ತೌಹೀದ್ ಎಂದು ಬರೆದಳು. ಎರಡು ಹೆಸರೂ ಹೆಚ್ಚುಕಮ್ಮಿ ಒಂದೇ ಅಗಲ. ಸರಿಸಬೇಕಾದ್ದು, ಕುಗ್ಗಿಸಬೇಕಾದ್ದು ಏನೂ ಇರಲಿಲ್ಲ. ಬುಗುರಿ ಇದ್ದಲ್ಲೇ ಇತ್ತು, ಸುತ್ತಲಿನ ಖಾಲಿ ಜಾಗ ಇದ್ದಷ್ಟೇ ಇತ್ತು. ಎಲ್ಲಿಯಾದರೂ ಒಂದಿಷ್ಟು ಬಿಗಿಯಾಗಬಹುದು, ಕಣ್ಣಿಗೆ ಚುಚ್ಚಬಹುದು ಎಂದು ಅವಳು ಕಾದಳು. ಚುಚ್ಚಲಿಲ್ಲ. ಕಾರ್ಡು ಚೆನ್ನಾಗಿತ್ತು. ಅದನ್ನು ವಾಟ್ಸಾಪಿನಲ್ಲಿ ಕಳಿಸಿದಳು. ಪರದೆಯಾಚೆ ತೌಹೀದ್‌ನ ಫೋನು ಟಿಣ್ ಎಂದಿತು.

ಹೊಸಿಲ ಪಕ್ಕ ಜಪಮಣಿ ಹಿಡಿದು ಕೂತಿದ್ದ ಹಮೀದಾ ತಮಗೂ ತೋರಿಸೆಂದರು. ಅವರಿಗೆ ಓದು ಬಾರದು. ಆದರೆ ಈ ಕಾರ್ಡು ಮೊದಲ ಸಲ ಅಚ್ಚಾಗಿ ಬಂದ ದಿನ ಇದ್ರೀಸ್ ತಾಯಿಯ ಕೈಹಿಡಿದು, ಇದು ನಾನು, ಇದು ಗೊಂಬೆ, ಇದು ಫೋನು ಎಂದು ಸಾಲುಸಾಲಾಗಿ ಮುಟ್ಟಿಸಿದ್ದ. ಹಮೀದಾ ಫೋನನ್ನು ದುಪಟ್ಟಾದ ಅಂಚಿನಿಂದ ಒರೆಸಿ, ಮೊದಲನೆಯ ಸಾಲಿನ ಮೇಲೆ ಬೆರಳಿಟ್ಟರು.

"ಐತಲ್ಲ," ಎಂದರು. "ನಾನೆಲ್ಲೋ ತಗ್ದೇಬುಟ್ರೇನೋ ಅನ್ಕೊಂಡೆ. ಇದ್ರೀಸು ಇಲ್ಲೇ ಅವ್ನಲ್ಲ."

ಯಾಸ್ಮಿನ್‌ಗೆ ಪರದೆಯ ಕೆಳಗೆ ತೌಹೀದ್‌ನ ಪಾದಗಳಷ್ಟೇ ಕಾಣುತ್ತಿದ್ದವು. ಒಂದು ಪಾದದ ಬೆರಳು ಇನ್ನೊಂದನ್ನು ತುಳಿಯಿತು. ಅದು ತನ್ನ ಹೆಸರೆಂದು ಅವನು ತಾಯಿಗೆ ಹೇಳಲಿಲ್ಲ. ಅವಳೂ ಹೇಳಲಿಲ್ಲ.

ಹಮೀದಾ ನಮಾಜಿಗೆ ಮುನ್ನ ಕೈಕಾಲು ತೊಳೆದು ವಜೂ ಮಾಡಲು ಎದ್ದು ಹೋದರು. ನಲ್ಲಿಯ ಸದ್ದು ಕೇಳಿದ ಮೇಲೆ ತೌಹೀದ್ ಪರದೆಯ ಹತ್ತಿರ ಬಂದ.

"ಭಾಬಿ, ಇದು ಅಣ್ಣ ಇರ್ನೇ ಇಲ್ವೇನೋ ಅನ್ನಂಗೈತೆ."

"ಒಳ್ಳೇ ಕಾರ್ಡು ಹಾಗೇ ಇರೋದು."

"ಹಂಗಾದ್ರೆ ಒಸಿ ಕೆಟ್ಟದಾಗೇ ಇರ್ಲಿ. ಅವನ್ದೂ ಹಾಕ್ಬುಡಿ."

"ಫೋನ್ ಮಾಡಿ ಕೇಳ್ತಾರೆ."

"ಕೇಳ್ದೋರ್ಗೆ ಹೇಳ್ತೀನಿ," ಎಂದ ತೌಹೀದ್. ಆಮೇಲೆ, ತನಗೇ ಹೇಳಿಕೊಳ್ಳುವವನ ಹಾಗೆ, "ಹೇಳ್ದೆ ಇನ್ನೇನು," ಎಂದ.

ಯಾಸ್ಮಿನ್ ಮೊದಲನೆಯ ಸಾಲನ್ನು ಇದ್ರೀಸ್‌ಗೆ ಬಿಟ್ಟುಕೊಟ್ಟು ತೌಹೀದ್‌ನನ್ನು ಕೆಳಗಿಳಿಸಿದಳು. ಗೊಂಬೆಯ ಸಾಲು ಬುಗುರಿಗೆ ತಾಗಿತು. ನಂಬರು ಕಾರ್ಡಿನ ಅಂಚಿಗೆ ಬಿತ್ತು. ಅಕ್ಷರ ಚಿಕ್ಕದು ಮಾಡಬಹುದಿತ್ತು. ಇದ್ರೀಸ್ ಅನ್ನುವುದನ್ನು ಚಿಕ್ಕದು ಮಾಡಲು ಅವಳ ಕೈ ಬರಲಿಲ್ಲ. ಅವನನ್ನು ದೊಡ್ಡದಾಗಿ ಬಿಟ್ಟು ತಮ್ಮನನ್ನು ಕುಗ್ಗಿಸುವುದು ನ್ಯಾಯವಲ್ಲ. ಹಾಗೆಯೇ ಬಿಟ್ಟಳು. ಗಿರಾಕಿ ತಂದಿದ್ದರೆ ಎರಡೇ ಮಾತಿನಲ್ಲಿ ವಾಪಸು ಕಳಿಸುವಂಥ ಕಾರ್ಡು.

ಫೈಲು ತೆಗೆದುಕೊಳ್ಳಲು ಗಂಗಹನುಮಯ್ಯ ತಾವೇ ಬಂದರು. ಫೋನಿಗೆ ಕಳಿಸಿದ್ದರೆ ಆಗುತ್ತಿತ್ತು. ಮನೆಯವರನ್ನು ನೋಡದೆ ಮನಸ್ಸು ತಡೆಯಲಿಲ್ಲವೆಂದು ತೌಹೀದ್‌ಗೆ ಹೇಳಿದರು. ಪಡಸಾಲೆಯ ಬೆಂಚಿನ ಮೇಲೆ ಕೂತು ತೌಹೀದ್‌ನ ಫೋನಿನಲ್ಲಿ ಕಾರ್ಡನ್ನು ನೋಡಿದರು. ನಂಬರು ಅಂಚಿಗೆ ಬಿದ್ದಿದೆ, ಕಟಿಂಗ್‌ನಲ್ಲಿ ಹೋಗಿಬಿಡುತ್ತದೆ, ಒಂದು ಗೆರೆ ಮೇಲಕ್ಕೆ ತರಬೇಕು ಎಂದರು. ಅವಳು ನಂಬರನ್ನು ಒಂದು ಗೆರೆ ಮೇಲಕ್ಕೆ ತಂದಳು. ಕಾರ್ಡು ಇನ್ನಷ್ಟು ಕೆಟ್ಟಿತು. ತಮ್ಮ ಪ್ರೆಸ್ಸಿಗೆ ಯಾಸ್ಮಿನವ್ವನ ಕೈಯಿಂದ ಇಂಥದ್ದು ಬಂದಿದ್ದೇ ಇಲ್ಲ ಎಂದು ಅವರು ಹೇಳಬಹುದಿತ್ತು. ಫೈಲನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡರು.

ಎದ್ದು ನಿಂತವರು ಹೋಗದೆ ಪರದೆಯತ್ತ ತಿರುಗಿದರು.

"ಕೇಳ್ಬಾರ್ದು ಕಣವ್ವ, ಆದ್ರೂ ಕಟಿಂಗ್ ಮಾಡಕ್ಕೆ ಇರೋದು ಒಂದೇ ಸ್ಟೀಲ್ ಸ್ಕೇಲು. ಇದ್ರೀಸು ಇಸ್ಕೊಂಡು ಬಂದಿದ್ದ. ಕಾರ್ಡ್ ನಿಲ್ಸಕ್ಕೆ ಮರದಲ್ಲಿ ಒಂದ್ ಸ್ಟ್ಯಾಂಡ್ ಮಾಡ್ತೀನಿ, ಮೇಳದಲ್ಲಿ ಇಕ್ಬೇಕು, ಅವ್ಳು ಮಾಡಿರೋ ಕಾರ್ಡು ಮೇಜಿನ್ ಮೇಲೆ ಬಿದ್ದಿರ್ಬಾರ್ದು ಅಂದ."

ಅವಳು ಹಿತ್ತಿಲಿಗೆ ಹೋದಳು. ಲೇತಿನ ಕೋಣೆಯ ಬಾಗಿಲನ್ನು ಆ ದಿನ ಯಾರೋ ಎಳೆದುಕೊಂಡದ್ದು ಹಾಗೇ ಇತ್ತು. ಇದ್ರೀಸ್ ಎದೆ ಹಿಡಿದು ಕುಸಿದ ಜಾಗದಲ್ಲಿ ಮರದ ಹೊಟ್ಟಿನ ಮೇಲೆ ಬಹಳ ಜನರ ಚಪ್ಪಲಿ ಗುರುತಿತ್ತು. ಲೇತಿನ ಹಿಂದೆ ಗೊಂಬೆಗೆಂದು ತಂದ ಒಂದು ಹಾಲೆ ಮರದ ತುಂಡು. ಇನ್ನೂ ಉಳಿ ತಾಗಿರಲಿಲ್ಲ. ಅದರ ಮೇಲೆ ಸ್ಕೇಲು. ಕಾರ್ಡಿನ ಅಗಲ ನೆನಪಿರಲೆಂದು ಸ್ಕೇಲಿನ ಮೇಲೆ ಮೂರೂವರೆ ಇಂಚಿಗೆ ಗೊಂಬೆಗೆ ಬಣ್ಣ ಹಚ್ಚುವ ಅರಗುಕಡ್ಡಿಯಿಂದ ಎಳೆದ ಕೆಂಪು ಗೆರೆ. ಅವಳು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿದಳು. ಬರಲಿಲ್ಲ. ಮತ್ತೆ ಕೆರೆಯಲಿಲ್ಲ.

ಒಳಗೆ ಬಂದು ನೆಲದ ಮೇಲೆ ಕೂತು, ಸ್ಕೇಲನ್ನು ಪರದೆಯ ಕೆಳಗಿಂದ ಆಚೆಗೆ ಸರಿಸಿದಳು. ಗಂಗಹನುಮಯ್ಯ ಬಗ್ಗಿ ತುದಿ ಹಿಡಿದುಕೊಂಡರು. ಎಳೆಯಲಿಲ್ಲ, ಸುಮ್ಮನೆ ಹಿಡಿದಿದ್ದರು. ಹೊರಗೆ ಓಣಿಯ ಲೇತುಗಳು ತಿರುಗುತ್ತಿದ್ದವು. ಸ್ಕೇಲು ಒಂದಿಷ್ಟು ಒಂದಿಷ್ಟೇ ಮುಂದೆ ಹೋಯಿತು. ಕೆಂಪು ಗೆರೆ ಹೊದಿಕೆಯ ಅಂಚನ್ನು ದಾಟುವ ತನಕ ಅವಳು ಬೆರಳು ತೆಗೆಯಲಿಲ್ಲ.