ಅವಳಿಗೆ ಅಷ್ಟು ಸಾಕು

ವಿಠ್ಠಲವಾಡಿಯ ಈ ವೃದ್ಧಾಶ್ರಮವನ್ನು ಆರಿಸಿದ್ದು ನಾನೇ. ಯಾರೂ ನನ್ನ ಕೈ ತಿರುಚಲಿಲ್ಲ, ಕಣ್ಣಿಗೆ ಮಣ್ಣೆರಚಿದರು, ಅಷ್ಟೇ. ಮೂರು ಆಶ್ರಮ ಸುತ್ತಿ, ಮೂರರ ಅಡುಗೆಮನೆಗೂ ಮೂಗು ತೂರಿಸಿ, ಇದ್ದುದರಲ್ಲಿ ಅತ್ಯಂತ ಕೆಟ್ಟದ್ದು ಯಾವುದೋ ಅದಕ್ಕೇ ಬೆರಳು ತೋರಿಸಿ ‘ಇದೇ ಆಗಲಿ’ ಎಂದವಳು ನಾನು. ಆಗ ನಾನು ಜಾಗ ನೋಡುತ್ತಿದ್ದುದು ನನ್ನ ವಾರಗಿತ್ತಿ ಪುಷ್ಪಾವತಿಗೆ ಎಂದುಕೊಂಡಿದ್ದೆ.

ಪುಷ್ಪಾವತಿಯ ಗಂಡ ಮಧ್ವರಾಜ ನನ್ನ ಗಂಡ ಮುರಾರಿಯ ತಮ್ಮ. ಉಡುಪಿಯಿಂದ ಬಂದ ಅಣ್ಣತಮ್ಮಂದಿರು ಕಲ್ಯಾಣ ಸ್ಟೇಷನ್ನಿನ ಹತ್ತಿರ ಒಟ್ಟಿಗೆ ಹೋಟೆಲು ನಡೆಸುತ್ತಿದ್ದರು. ಈಗ ಇಬ್ಬರೂ ಇಲ್ಲ, ಹೋಟೆಲೂ ಇಲ್ಲ. ಉಳಿದವರು ಹೆಂಡಂದಿರು ಮಾತ್ರ, ಅವರು ಪರಸ್ಪರ ಮಾತು ಬಿಟ್ಟು ಆಗ ಇಪ್ಪತ್ತಮೂರು ವರ್ಷವಾಗಿತ್ತು. ಕಾರಣ ಹೇಳಿದರೆ ನೀವು ನಗಬಹುದು. ಅವಳ ಮಗ ಸಮಿತನ ಉಪನಯನದಲ್ಲಿ, ಮನೆಯ ಹಿರಿ ಸೊಸೆಯಾದ ನನ್ನನ್ನು ಎರಡನೇ ಪಂಕ್ತಿಗೆ ಕೂರಿಸಿದಳು. ನನ್ನ ಎಲೆಗೆ ಬರುವಷ್ಟರಲ್ಲಿ ಪಾಯಸ ಮುಗಿದಿತ್ತು. ನಗುವವರು ನಗಲಿ. ಹೋಟೆಲಿನವರ ಮನೆಯಲ್ಲಿ ಪಾಯಸ ಮುಗಿಯುವುದಿಲ್ಲ, ಮುಗಿಸಲಾಗುತ್ತದೆ. ಅದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ನಾನೂ ಎಷ್ಟೋ ಜನರಿಗೆ ಮುಗಿಸಿದ್ದೇನೆ.

ಎರಡು ಸಾವಿರದ ಹದಿನಾಲ್ಕರಲ್ಲಿ ನಮ್ಮ ಡೊಂಬಿವಲಿಯ ಬಿಲ್ಡಿಂಗು ರಿಡೆವಲಪ್‌ಮೆಂಟಿಗೆ ಹೋಯಿತು. ಕೆಡವಿ ಹೊಸತು ಕಟ್ಟುವವರೆಗೆ ಎರಡು ವರ್ಷ ಎಲ್ಲರೂ ಬಾಡಿಗೆ ಮನೆ ಹುಡುಕಿಕೊಳ್ಳಬೇಕು. ನನ್ನ ಮಗ ಮನೀಷ್ ಡೊಂಬಿವಲಿ ವೆಸ್ಟಿನಲ್ಲಿ ಒಂದೇ ಬೆಡ್‌ರೂಮಿನ ಮನೆ ಹಿಡಿದ. ನಾನು ಹಾಲ್‌ನಲ್ಲೇ ಮಲಗುತ್ತೇನೆ, ನನಗೇನು ಎಂದೆ. ಅವನೂ ಸೊಸೆ ನಿಶಾಳೂ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಹೇಳಿ ಎದ್ದುಹೋದರು. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ನಿಶಾ ನಾನು ಕೇಳದೆಯೇ ಎರಡನೇ ಲೋಟ ಕಾಫಿ ತಂದಿಟ್ಟಳು. ಹದಿನಾರು ವರ್ಷದಲ್ಲಿ ಮೊದಲ ಸಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಬರಲಿಲ್ಲ, ಏಕೆಂದರೆ ಮನೀಷ್ ಹೇಳಿದ ಸುದ್ದಿ ಆ ಕಾಫಿಗಿಂತ ರುಚಿಯಾಗಿತ್ತು. ಠಾಣೆಯಲ್ಲಿರುವ ಸಮಿತನಿಗೆ ಅಮ್ಮನನ್ನು ಎಲ್ಲಾದರೂ ಆಶ್ರಮಕ್ಕೆ ಸೇರಿಸಬೇಕಾಗಿದೆಯಂತೆ, ಅವಳಿಗೆ ಇನ್ನೂ ಹೇಳಿಲ್ಲವಂತೆ.

“ಇಪ್ಪತ್ತೈದು ವರ್ಷ ಹೋಟೆಲಿನ ಅಡಿಗೆಮನೆ ನೋಡಿದವಳು ನೀನು. ನಮಗೆಂತ ಗೊತ್ತಾಗ್ತದೆ? ನೀನೊಮ್ಮೆ ನೋಡಿ ಹೇಳಿದ್ರೆ ಮುಗೀತು,” ಎಂದ ಮನೀಷ್.

ಎಣ್ಣೆ ಹಚ್ಚಿದ ಮಾತು ಅದು, ನನಗೆ ತಿಳಿಯದೆ ಇರಲಿಲ್ಲ. ಆದರೆ ಪುಷ್ಪಾವತಿಯ ಗತಿಯನ್ನು ನನ್ನ ಕೈಗೆ ಕೊಡುತ್ತೇನೆ ಎಂದರೆ ಯಾರು ಬೇಡ ಎನ್ನುತ್ತಾರೆ? ಮರುಭಾನುವಾರ ಒಳ್ಳೆಯ ಸೀರೆ ಉಟ್ಟೇ ಹೊರಟೆ.

ಮೊದಲು ಠಾಣೆಯ ನೌಪಾಡಾ. ಲಿಫ್ಟು, ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಟೆರೇಸಿನಲ್ಲಿ ತುಳಸಿ. ಅಡುಗೆಯವನು ಕುಂದಾಪುರದ ಕಡೆಯವನು, ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಮೇಲೆ ಉಪ್ಪಿನಕಾಯಿ. ಒಗ್ಗರಣೆಯ ವಾಸನೆಗೇ ನನ್ನ ಬಾಯಲ್ಲಿ ನೀರು ಬಂತು. ಹೊಟ್ಟೆಯಲ್ಲಿ ಬೆಂಕಿಯೂ ಬಿತ್ತು. ನಾನು ಹಾಲ್‌ನಲ್ಲಿ ಚಾಪೆ ಹಾಸುವುದು, ಅವಳು ಇಲ್ಲಿ ರಾಣಿಯ ಹಾಗೆ ಗಂಜಿ ಉಣ್ಣುವುದೋ? ಜಾಗ ಚೆನ್ನಾಗಿಲ್ಲ, ಅಡುಗೆಯವನ ಉಗುರು ಕೊಳಕು ಎಂದುಬಿಟ್ಟೆ. ಪಾಪ, ಅವನ ಉಗುರು ನನ್ನ ಉಗುರಿಗಿಂತ ಶುಭ್ರವಾಗಿತ್ತು.

ಎರಡನೆಯದು ನವಿಮುಂಬೈಯ ನೆರೂಳಿನಲ್ಲಿ. ಕಿಟಕಿ ತೆರೆದರೆ ಕಡಲ ಖಾಡಿಯ ಗಾಳಿ, ಕೆಳಗೆ ತೋಟ, ವಾರಕ್ಕೆರಡು ಸಲ ಡಾಕ್ಟರು. ಗಾಳಿ ಜಾಸ್ತಿಯಾಯಿತು, ಅವಳಿಗೆ ಶೀತದ ಮೈ ಎಂದೆ. ಮನೀಷ್ ಮಾತ್ರ ಒಂದು ಕ್ಷಣ ನನ್ನ ಮುಖ ನೋಡಿ, “ಅಮ್ಮ, ಸರಿಯಾಗಿ ಯೋಚನೆ ಮಾಡಿ ಹೇಳು,” ಎಂದ. ಅವನಿಗೆ ಮನಸ್ಸಾಕ್ಷಿ ಎಂಬುದು ಇದ್ದದ್ದೇ ಆದರೆ ಅದು ಆ ಒಂದು ಕ್ಷಣ ಎದ್ದು ಆಕಳಿಸಿ ಮತ್ತೆ ಮಲಗಿತು. ಯೋಚಿಸಿಯೇ ಹೇಳಿದ್ದು ಎಂದೆ ನಾನು.

ಮೂರನೆಯದು ಇದು. ರೈಲು ಹಳಿಯ ಬೆನ್ನಿಗೆ ಒತ್ತಿಕೊಂಡ ಹಳೇ ಮನೆ, ಕೋಣೆಗೆ ಇಬ್ಬರು, ಕಿಟಕಿ ತೆರೆದರೆ ಪಕ್ಕದ ಗೋಡೆ. ಬೇಳೆಸಾರಿನಲ್ಲಿ ಬೇಳೆಯನ್ನು ದುರ್ಬೀನು ಹಾಕಿ ಹುಡುಕಬೇಕು. ನಡೆಸುವವಳು ಮೋಹಿನಿಬಾಯಿ ಎಂಬ ಹಳೇ ನರ್ಸು, ನೇರ ಹೆಂಗಸು, ಇಲ್ಲದ್ದನ್ನು ಇದೆ ಎನ್ನಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು.

ಮೋಹಿನಿಬಾಯಿ ಮರಾಠಿಯಲ್ಲಿ ಒಂದೊಂದೇ ಕೇಳುತ್ತ ಹೋದಳು, ಮನೀಷ್ ತಗ್ಗಿಸಿದ ತಲೆ ಎತ್ತದೆ ಫಾರ್ಮು ತುಂಬಿಸಿದ. ಉತ್ತರವೆಲ್ಲ ನನ್ನದು. ಅನ್ನವೋ ಚಪಾತಿಯೋ ಎಂದರೆ ಚಪಾತಿ ಎಂದೆ. ಕರಾವಳಿಯವರಿಗೆ ಎರಡು ಹೊತ್ತು ಚಪಾತಿ ತಿನ್ನಿಸುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ, ಅದು ನನಗೂ ಪುಷ್ಪಾವತಿಗೂ ಗೊತ್ತಿದ್ದದ್ದೇ. ಸ್ನಾನಕ್ಕೆ ಬಿಸಿನೀರು? ದಿನ ಬಿಟ್ಟು ದಿನ. ಒಂಟಿ ಕೋಣೆ ಖಾಲಿಯಾದರೆ ಬೇಕೇ? ಬೇಡ, ಇನ್ನೊಬ್ಬರ ಜೊತೆ ಹೊಂದಿಕೊಳ್ಳುವುದನ್ನು ಈ ವಯಸ್ಸಿನಲ್ಲಾದರೂ ಕಲಿಯಲಿ. ಕೊನೆಗೆ, ಮನೆಯವರು ನೋಡಲು ಎಷ್ಟು ಸಲ ಬರುತ್ತೀರಿ ಎಂದು ಕೇಳಿದಳು.

“ತಿಂಗಳಿಗೆ ಒಂದು ಸಲ,” ಎಂದೆ. “ಪದೇ ಪದೇ ಬಂದ್ರೆ ತಲೆ ಮೇಲೆ ಕೂತುಕೊಳ್ತಾಳೆ. ಅವಳಿಗೆ ಅಷ್ಟು ಸಾಕು.”

ಮನೀಷ್ ಅದನ್ನೂ ಬರೆದುಕೊಂಡ. ಮೇಲೆ ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದ. ಸಮಿತ್ ತುಂಬಿಸುತ್ತಾನೆ ಎಂದುಕೊಂಡೆ.

ಮನೆ ಖಾಲಿ ಮಾಡುವ ದಿನ ಟೆಂಪೊ ಬಂತು. ಮೊಮ್ಮಗಳು ದಿಶಾಳಿಗೆ ಹತ್ತು ವರ್ಷ. ಕನ್ನಡ ಕಿವಿಗೆ ಬೀಳುತ್ತದೆ, ಬಾಯಿಗೆ ಬರುವುದಿಲ್ಲ. ಅವಳೇ ಕೇಳಿದ್ದು, “ಮಮ್ಮೀ, ಅಜ್ಜಿ ಕಾ ಬ್ಯಾಗ್ ಟೆಂಪೊ ಮೇ ಕ್ಯೂಂ ನಹೀಂ ರಖಾ?” ಎಂದು. ನಿಶಾ ಅವಳ ರಟ್ಟೆ ಹಿಡಿದು ಒಳಗೆ ಕರೆದೊಯ್ದಳು. ಟೆಂಪೊಗೆ ಹಾಕದ ನನ್ನ ಬ್ಯಾಗು ರಿಕ್ಷಾದಲ್ಲಿತ್ತು. ಸ್ವಲ್ಪ ದಿನದ ಮಟ್ಟಿಗೆ ಅಮ್ಮಾ, ಮನೆ ಸೆಟ್ ಆಗುವವರೆಗೆ ಎಂದ ಮಗ. ದಾರಿ ಕಲ್ಯಾಣ ದಾಟಿ ವಿಠ್ಠಲವಾಡಿಗೆ ಹೊರಳಿದಾಗ ನನಗೆ ಎಲ್ಲವೂ ಅರ್ಥವಾಯಿತು. ನಾನು ಬೈಯಲಿಲ್ಲ. ಯಾವ ಬಾಯಲ್ಲಿ ಬೈಯಲಿ? ನೌಪಾಡಾ ಬೇಡವೆಂದ ಬಾಯಿ ಇದೇ ಅಲ್ಲವೇ?

ಮೋಹಿನಿಬಾಯಿ ಅದೇ ಫಾರ್ಮು ಹಿಡಿದು, ಚಪಾತಿ, ದಿನ ಬಿಟ್ಟು ದಿನ ಬಿಸಿನೀರು ಎಂದು ಓದುತ್ತ ನನ್ನನ್ನು ಕೋಣೆಗೆ ಕರೆದೊಯ್ದಳು. ಎದುರಿನ ಮಂಚದ ಮೇಲೆ ಕಾಲು ಇಳಿಬಿಟ್ಟು ಪುಷ್ಪಾವತಿ ಕೂತಿದ್ದಳು. ಎರಡು ದಿನ ಮೊದಲೇ ಬಂದಿದ್ದಳಂತೆ. ಮೈ ಅರ್ಧಕ್ಕೆ ಇಳಿದಿತ್ತು, ಮೂಗಿನ ಗರ್ವ ಮಾತ್ರ ಇದ್ದಲ್ಲೇ ಇತ್ತು. ನನ್ನನ್ನು ನೋಡಿ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಅದು ನನಗೆ ವಿಚಿತ್ರವೆನಿಸಿತು.

ನಾಲ್ಕು ದಿನ ಇಬ್ಬರೂ ಬಾಯಿ ಬಿಡಲಿಲ್ಲ. ಐದನೆಯ ದಿನ ರಾತ್ರಿಯ ಊಟಕ್ಕೆ ಅವೇ ಚಪಾತಿ ಬಂದಾಗ ಅವಳು ತಟ್ಟೆ ಬದಿಗಿಟ್ಟು ತುಳುವಿನಲ್ಲಿ ಕೇಳಿದಳು.

“ಅಕ್ಕ, ಈ ಚಪಾತಿ ನೀವು ಬರೆಸಿದ್ದಾ?”

“ಹೌದು. ನಿನಗೆ ಅಂತ ಬರೆಸಿದ್ದು.”

“ನಾನೂ ಬರೆಸಿದೆ. ನಿಮಗೆ ಅಂತ.”

ಆಮೇಲೆ ಎಲ್ಲ ಹೊರಗೆ ಬಂತು. ಸಮಿತನೂ ಅವಳನ್ನು ಇವೇ ಮೂರು ಜಾಗ ಸುತ್ತಿಸಿದ್ದ. ಮನೀಷನಿಗೆ ಅವನ ಅಮ್ಮನನ್ನು ಸೇರಿಸಬೇಕಾಗಿದೆ, ದೊಡ್ಡಮ್ಮನಿಗೆ ಇನ್ನೂ ಹೇಳಿಲ್ಲ, ನಿನ್ನಷ್ಟು ಅಡುಗೆಮನೆ ನೋಡಿದವರು ಯಾರಿದ್ದಾರೆ ಎಂದು ಅವಳಿಗೂ ಅದೇ ಎಣ್ಣೆ. ಅವಳೂ ನೌಪಾಡಾದ ಅಡುಗೆಯವನಿಗೆ ಒಂದು ಕುಂದು ಹುಡುಕಿದ್ದಳು, ಅವನು ಕೆಮ್ಮುತ್ತಾನೆ ಎಂದು. ನನ್ನಂಥವಳಿಗೆ ಇಬ್ಬರಿರುವ ಕೋಣೆಯೇ ಸರಿ ಎಂದು ಹೇಳಿದ್ದು ಅವಳು, ಅವಳಿಗೆ ಅದೇ ಸರಿ ಎಂದದ್ದು ನಾನು, ಹಾಗಾಗಿ ಒಂದೇ ಕೋಣೆ. ನಾವಿಬ್ಬರೂ ಮಾತಾಡುತ್ತಿದ್ದರೆ ಒಂದೇ ಫೋನಿಗೆ ಈ ಸುಳ್ಳು ಬಯಲಾಗುತ್ತಿತ್ತು. ಮಾತಾಡುವುದಿಲ್ಲ ಎಂಬ ಧೈರ್ಯದ ಮೇಲೇ ಮಕ್ಕಳು ಇದನ್ನು ಕಟ್ಟಿದ್ದು. ಹೋಟೆಲು ಪಾಲಾಗುವಾಗ ಅಪ್ಪಂದಿರನ್ನು ಒಂದು ಮಾಡಲಾಗದ ಈ ವೀರರು ಅಮ್ಮಂದಿರನ್ನು ಸಾಗಹಾಕಲು ಎಷ್ಟು ಚೆನ್ನಾಗಿ ಒಂದಾದರು!

“ಮಾಡಿದ್ದುಣ್ಣೋ ಮಹಾರಾಯ,” ಎಂದಳು ಪುಷ್ಪಾವತಿ, ಚಪಾತಿ ಮುರಿಯುತ್ತ. ಇಪ್ಪತ್ತಮೂರು ವರ್ಷದಲ್ಲಿ ಅವಳು ಹೇಳಿದ ಮೊದಲ ಸರಿಯಾದ ಮಾತು ಅದು.

ತಿಂಗಳು ತುಂಬಿದ ಮೇಲೆ ಭಾನುವಾರ ಮನೀಷ್ ಬಂದ. ಒಂದು ಪೊಟ್ಟಣ ಚಕ್ಕುಲಿ ಇಟ್ಟ, ನಲವತ್ತು ನಿಮಿಷ ಕೂತ, ಅದರಲ್ಲಿ ಮೂವತ್ತು ನಿಮಿಷ ಮೊಬೈಲು ನೋಡಿದ. ಹೊರಡುವಾಗ ನಾನು ನನ್ನ ಮಾನವನ್ನೆಲ್ಲ ನುಂಗಿಕೊಂಡು ಕೇಳಿದೆ.

“ಡೊಂಬಿವಲಿಯಿಂದ ಮೂರೇ ಸ್ಟೇಷನ್ ಅಲ್ವಾ ಮಗಾ? ವಾರಕ್ಕೊಮ್ಮೆ ಬರ್ಲಿಕ್ಕೆ ಆಗೂದಿಲ್ವಾ?”

ಅವನು ಚಪ್ಪಲಿ ಮೆಟ್ಟುತ್ತ, ನನ್ನ ಮುಖ ನೋಡದೆ ಹೇಳಿದ. “ತಿಂಗಳಿಗೊಂದು ಸಲ ಸಾಕು ಅಂತ ನೀನೇ ಬರೆಸಿದ್ದಲ್ವಾ ಅಮ್ಮ?”

ವ್ಯಂಗ್ಯಕ್ಕೆ ಹೇಳಿದ್ದಲ್ಲ. ಅಷ್ಟು ಬುದ್ಧಿ ಅವನಿಗಿಲ್ಲ. ಅಮ್ಮ ಹೇಳಿದಂತೆ ನಡೆಯುತ್ತಿದ್ದೇನೆ ಎಂದು ನಿಜವಾಗಿಯೂ ನಂಬಿದ್ದಾನೆ, ಅದೇ ಸಂಕಟ. ಅವನು ಹೋದ ಮೇಲೆ ಗೋಡೆ ಕಡೆ ತಿರುಗಿ ಅತ್ತುಬಿಟ್ಟೆ.

ಮುಂದಿನ ತಿಂಗಳ ಆ ಭಾನುವಾರ ಬೆಳಿಗ್ಗೆ ಏಳಕ್ಕೇ ಎದ್ದು ನೋಡುತ್ತೇನೆ, ಪುಷ್ಪಾವತಿ ತಣ್ಣೀರಿನಲ್ಲಿ ಮಿಂದು, ಗಂಜಿ ಹಾಕಿದ ಸೀರೆ ಉಟ್ಟು, ತಲೆ ಬಾಚಿ, ಬಾಗಿಲ ಕಡೆ ಮುಖ ಮಾಡಿ ಕೂತಿದ್ದಾಳೆ. ಸಮಿತ್ ಬರುವವನಿದ್ದಾನಾ ಎಂದು ಕೇಳಿದೆ. ಇಲ್ಲ ಎಂದಳು. ಮತ್ತೆ ಯಾವಾಗ ಎಂದೆ.

“ದೀಪಾವಳಿಗೆ.”

“ಅಷ್ಟು ದೂರಕ್ಕಾ? ಯಾರು ಹೇಳಿದ್ದು?”

ಅವಳು ಸೀರೆಯ ಸೆರಗನ್ನು ಮೊಣಕಾಲ ಮೇಲೆ ನೀವಿಕೊಂಡಳು. “ನಾನೇ. ವರ್ಷಕ್ಕೊಂದು ಹಬ್ಬಕ್ಕೆ ಬಂದ್ರೆ ನಿಮಗೆ ಅಷ್ಟು ಸಾಕು ಅಂತ ಬರೆಸಿದ್ದೆ.”

ನನಗೆ ಸಿಟ್ಟು ಬರಬೇಕಿತ್ತು. ನನಗೆ ಹನ್ನೆರಡು ಸಲ ಬೇಡ, ಒಂದೇ ಸಲ ಸಾಕು ಎಂದವಳು ಅವಳು. ಆದರೆ ಆ ಗಂಜಿ ಹಾಕಿದ ಸೀರೆ ನೋಡಿ ಸಿಟ್ಟು ಮೇಲೆ ಬರಲಿಲ್ಲ. ದರಿದ್ರದವಳು, ಉಪನಯನದಲ್ಲಿ ಉಟ್ಟಿದ್ದೂ ಅದೇ ಸೀರೆ.

ಹನ್ನೊಂದಕ್ಕೆ ಮನೀಷ್ ಬಂದ. ನನ್ನ ಮಂಚದ ಮೇಲೆ ಕೂರಲು ಹೊರಟವನನ್ನು ತಡೆದೆ.

“ಮೊದಲು ಚಿಕ್ಕಮ್ಮನ ಹತ್ರ ಕೂತುಕೋ,” ಎಂದೆ. “ಮೊಬೈಲು ಇಲ್ಲಿ ಕೊಡು.”

ಅವನು ಪೆಚ್ಚಾಗಿ ಮೊಬೈಲು ಕೊಟ್ಟು ಅಲ್ಲಿ ಹೋಗಿ ಕೂತ. ಪುಷ್ಪಾವತಿ ಅವನ ಕೈ ಹಿಡಿದುಕೊಂಡು ದಿಶಾಳ ಶಾಲೆ, ಹೊಸ ಮನೆಯ ನೀರು, ನಿಶಾಳ ಬೆನ್ನುನೋವು ಎಲ್ಲ ಕೇಳಿದಳು, ಸಮಿತನ ಬಗ್ಗೆ ಮಾತ್ರ ಕೇಳಲಿಲ್ಲ. ಇಪ್ಪತ್ತು ನಿಮಿಷ ಹಾಗೇ ಹೋಯಿತು. ನಾನು ಗಡಿಯಾರ ನೋಡುತ್ತ ಕೂತೆ. ಈ ಸಲ ಮೊದಲ ಪಂಕ್ತಿ ಅವಳದು, ಎರಡನೆಯದು ಮತ್ತೆ ನನ್ನದೇ.

ಆಮೇಲೆ ಅವನು ನನ್ನ ಹತ್ತಿರ ಬಂದ. ನನ್ನ ಪಾಲಿಗೆ ಉಳಿದದ್ದು ಇಪ್ಪತ್ತು ನಿಮಿಷ. ಅದು ನನಗೆ ಸಾಕಾಗಲಿಲ್ಲ.