ಗಂಗೂಬಾಯಿ ನುಂಗದ ಗುಳಿಗೆ

ನಿದ್ದೆ ಬರಿಸುವ ಅಲರ್ಜಿ ಗುಳಿಗೆಯಿಂದ ಮುಟ್ಟಿನ ಹೊಟ್ಟೆನೋವು ತಗ್ಗುತ್ತದೆಯೇ ಎಂಬುದು ನನ್ನ ಸಂಶೋಧನೆ. ಅಥಣಿ ತಾಲೂಕಿನ ಮೂವತ್ತು ಹೆಂಗಸರಿಗೆ ಕೊಟ್ಟಿದ್ದೆ. ಗುಣ ಕಂಡದ್ದು ತೆಲಸಂಗದ ಗಂಗೂಬಾಯಿಗೆ ಮಾತ್ರ. "ನೋವು ಅರ್ಧಾ ಇಳದೈತ್ರಿ ಡಾಕ್ಟರಬಾಯಿ" ಎಂದು ಆಕೆ ಫೋನಿನಲ್ಲಿ ಹೇಳಿದ್ದೇ ತಡ, ನಾನು ಸಮ್ಮೇಳನಕ್ಕೆ ಭಾಷಣ ಬರೆದು, ಉಡುವ ಸೀರೆಯನ್ನೂ ಆರಿಸಿಟ್ಟೆ.

ಅವಳ ಫೋಟೊ ತೆಗೆಯಲು ಹೋದಾಗ ಪಡಸಾಲೆಯಲ್ಲಿ ಅತ್ತೆ ಗಿರಿಜವ್ವ ಗೊರಕೆ ಹೊಡೆಯುತ್ತಿದ್ದರು.

"ಗುಳಿಗಿ ದಿನಾ ತಗೋತೀರಿಲ್ಲೋ?" ಎಂದೆ.

"ನಾ ಎಲ್ಲಿ ತಗೊಂಡೇನ್ರಿ? ಜೋಳದ ರಾಶಿ ಮಾಡಿ ನಮ್ಮ ಅತ್ತಿಯವ್ರಿಗೆ ಮೈಯೆಲ್ಲಾ ತುರಸತಿತ್ತು. ಅಲರ್ಜಿ ಗುಳಿಗಿ ಅಂದಕೂಡ್ಲೆ ಇಸ್ಕೊಂಡ್ರು. ಊಟಾ ಮಾಡಿ ನುಂಗಿದ್ರ ಸಂಜಿತನಕಾ ಮಲಗ್ತಾರ. ಕೆಲಸಾ ಹೇಳಾವ್ರ ಇಲ್ಲ, ನಾನೂ ಹೊಟ್ಟಿಮ್ಯಾಲ ಬಿಸಿನೀರಿನ ಚೀಲಾ ಇಟ್ಕೊಂಡ ಮಲಗತೀನ್ರಿ."

ನಗು, ನಾಚಿಕೆ ಎರಡೂ ಒಟ್ಟಿಗೇ ಬಂದವು. ಗಿರಿಜವ್ವನನ್ನು ಎಬ್ಬಿಸಿ, ಬಿಪಿ ನೋಡಿ, ಗುಳಿಗೆ ಬಿಡಿಸಿ ತುರಿಕೆಗೆ ಮುಲಾಮು ಬರೆದೆ. ಗಂಗೂಬಾಯಿಯ ಹೆಸರನ್ನು ಸಂಶೋಧನೆಯಿಂದ ತೆಗೆದೆ. ಆಮೇಲೆ ಇನ್ನೊಂದು ಚೀಟಿಯಲ್ಲಿ, "ಸೊಸೆಗೆ ಮಧ್ಯಾಹ್ನ ಎರಡು ತಾಸು ವಿಶ್ರಾಂತಿ ಕಡ್ಡಾಯ" ಎಂದು ಬರೆದು ಸಿಕ್ಕಾ ಒತ್ತಿ ಅತ್ತೆಯ ಕೈಗೇ ಕೊಟ್ಟೆ.

"ಡಾಕ್ಟರ ಹೇಳಿದ ಮ್ಯಾಲ ಮುಗೀತ್ರಿ" ಎಂದರು ಗಿರಿಜವ್ವ.

ನನ್ನ ಇಡೀ ಸಂಶೋಧನೆಯಲ್ಲಿ ನೋವಿಗೆ ನಾಟಿದ ಔಷಧ ಅದೊಂದೇ.