ಆರ್ಡಿಸ್‌ಳ ಶನಿವಾರದ ನಗು

ಡುಲುತ್ ಊರಿನಲ್ಲಿ ಲೈಲ್ ಹೌಗನ್‌ನಷ್ಟು ತಮಾಷೆಯ ಮನುಷ್ಯ ಇನ್ನೊಬ್ಬನಿರಲಿಲ್ಲ. ಡುಲುತ್ ಏನು ಬಂತು, ಇಡೀ ಮಿನೆಸೋಟ ರಾಜ್ಯದಲ್ಲೇ ಇರಲಿಲ್ಲ. ಕೆನಡಾ ದಾಟಿ ಉತ್ತರ ಧ್ರುವದವರೆಗೆ ಹುಡುಕಿದರೂ ಸಿಗುತ್ತಿದ್ದದ್ದು ಹಿಮಕರಡಿಗಳು ಮಾತ್ರ. ಇದು ಲೈಲ್‌ನ ಸ್ವಂತ ಅಭಿಪ್ರಾಯ. ಆದರೆ ಅದಕ್ಕೊಂದು ಸಾಕ್ಷಿಯಿತ್ತು: ಹೆಂಡತಿ ಆರ್ಡಿಸ್‌ಳ ನಗು.

ಆ ನಗು ಅಂತಿಂಥದ್ದಲ್ಲ. ಅವಳು ನಕ್ಕರೆ ಕಾರಿನ ಗಾಜು ಅದುರುತ್ತಿತ್ತು. ಸುಪೀರಿಯರ್ ಸರೋವರದ ಹಡಗುಗಳು ಇನ್ನೊಂದು ಹಡಗು ಕರೆಯಿತೆಂದು ತಿಳಿದು ತಿರುಗಿ ಕೂಗುತ್ತಿದ್ದವು. ವಾರವಿಡೀ ಅವಳು ಮಾತಿಗೇ ಜಿಪುಣಿ. ಶನಿವಾರ ಬೆಳಿಗ್ಗೆ ಮಾತ್ರ, ಸಾಮಾನು ತರುವ ದಾರಿಯಲ್ಲಿ, ಸಾರ್ವಜನಿಕ ರೇಡಿಯೋದಲ್ಲಿ ‘ಮುಂದೇನಾಯ್ತು?’ ಎಂಬ ಹಾಸ್ಯ ಕಾರ್ಯಕ್ರಮ ಶುರುವಾದದ್ದೇ ತಡ, ಬೇರೆಯೇ ಹೆಂಗಸಾಗುತ್ತಿದ್ದಳು.

ಅದನ್ನು ನಡೆಸುತ್ತಿದ್ದ ಹಾಲಿಸ್ ಪ್ರಾಟ್ ಎಂಬ ಮುದುಕ ಯಾವುದೋ ಸಣ್ಣೂರಿನ ಪತ್ರಿಕೆಯ ಸುದ್ದಿಯನ್ನು ಅರ್ಧ ಓದಿ ನಿಲ್ಲಿಸುತ್ತಿದ್ದ. ಮುಂದೇನಾಯ್ತೆಂದು ಮೂವರು ಹಾಸ್ಯಗಾರರು ಊಹಿಸಬೇಕು. ಅವರು ಬಾಯಿ ತೆರೆಯುವ ಮೊದಲೇ ಲೈಲ್ ಸ್ಟಿಯರಿಂಗ್ ಬಡಿದು ಉತ್ತರ ಕೂಗುತ್ತಿದ್ದ.

“ಅಯೋವಾದಲ್ಲಿ ಒಬ್ಬಾಕೆ, ಗ್ಯಾರೇಜಿನಲ್ಲಿ ಗುರುತಿಲ್ಲದ ಗಂಡಸಿದ್ದಾನೆಂದು ಪೊಲೀಸರನ್ನು ಕರೆದಳು...” ಎಂದು ಪ್ರಾಟ್ ಓದಿದರೆ, “ಗಂಡ ಕಣೇ! ಗಡ್ಡ ಬೋಳಿಸ್ಕೊಂಡ್ಬಿಟ್ಟಿದ್ದ!” ಎಂದು ಲೈಲ್. ಆರ್ಡಿಸ್ ಬಿದ್ದುಬಿದ್ದು ನಗುತ್ತಿದ್ದಳು. ಅದೇ ಹೊತ್ತಿಗೆ ರೇಡಿಯೋದಲ್ಲೂ ಯಾರೋ ಏನೋ ಹೇಳಿರುತ್ತಿದ್ದರು. ಲೈಲ್‌ಗೆ ಅದು ಕೇಳಿಸುತ್ತಿರಲಿಲ್ಲ.

ಮನೆ ಬಂದರೂ ಕಾರ್ಯಕ್ರಮ ಮುಗಿದಿರುತ್ತಿರಲಿಲ್ಲ. ಮುಗಿಯುವವರೆಗೆ ಇಬ್ಬರೂ ಕಾರಿನಿಂದ ಇಳಿಯುತ್ತಲೂ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಕರಗಿದ ಐಸ್‌ಕ್ರೀಮ್ ಕೆಳಗೆ ಹರಿದು, ಅದನ್ನು ನೆಕ್ಕಿ ಬೀದಿಯ ಬೆಕ್ಕುಗಳೆಲ್ಲ ದಪ್ಪಗಾಗಿದ್ದವು. ಒಂದು ಜನವರಿಯಲ್ಲಿ, ಮಂಜು ಕವಿದ ಗಾಜಿನೊಳಗೆ ಎರಡು ಆಕೃತಿ ಅಲುಗಾಡದೆ ಕೂತದ್ದನ್ನು ನೋಡಿ ಪಕ್ಕದ ಮನೆಯ ವೆಂಡೆಲ್ ಸಲಿಕೆ ಹಿಡಿದು ಓಡಿಬಂದ.

“ಬದುಕಿದೀರೇನ್ರಪ್ಪಾ ಇಬ್ರೂ?”

“ಶ್! ಕೊನೇ ಸುತ್ತು ನಡೀತಿದೆ,” ಎಂದಳು ಆರ್ಡಿಸ್.

“ಒಳಗೂ ರೇಡಿಯೋ ಇದ್ಯಲ್ಲಮ್ಮಾ?”

“ಬೀಗ ತೆಗೆಯೋಷ್ಟ್ರಲ್ಲಿ ಒಂದು ಜೋಕು ಹೋಗ್ಬಿಡತ್ತೆ, ವೆಂಡೆಲ್!”

ವೆಂಡೆಲ್ ತಲೆ ಕೊಡವಿ ಹೋದ. ಮುಂದಿನ ಶನಿವಾರ ಅವನೂ ತನ್ನ ಮನೆಯೆದುರು ಟ್ರಕ್ಕಿನಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಕಳೆದ ವಸಂತದಲ್ಲಿ ಪ್ರಾಟ್, ವಯಸ್ಸಾಯಿತು, ಸಾಕು, ಎಂದ. ಕಾರ್ಯಕ್ರಮ ನಿಂತಿತು. ಆ ವಾರ ಅಭಿಮಾನಿಗಳ ಕಣ್ಣೀರಿಗೆ ಸರೋವರ ಒಂದು ಗೇಣು ಏರಿತು. ಆರ್ಡಿಸ್ ಮೂಗು ಒರೆಸಿಕೊಳ್ಳುತ್ತಿದ್ದರೆ ಲೈಲ್ ಎದೆಯುಬ್ಬಿಸಿದ.

“ಅಳ್ತೀಯ ಯಾಕೇ? ಅಸಲು ಮಾಲು ಇಲ್ಲೇ ಕೂತಿದೆ.”

ಮುಂದಿನ ಶನಿವಾರ ಮನೆಯೆದುರು ಕಾರು ನಿಲ್ಲಿಸಿ ಜೇಬಿನಿಂದ ಪತ್ರಿಕೆಯ ತುಣುಕು ತೆಗೆದ. “ಪಕ್ಕದೂರು ಕ್ಲೋಕೆಯಲ್ಲಿ ಒಬ್ಬ ದೋಣಿ ಕಳುವಾಯ್ತು ಅಂತ ದೂರು ಕೊಡಕ್ಕೆ ಹೋದ. ಮುಂದೇನಾಯ್ತು?”

“ಏನಾಯ್ತು?”

“ದೋಣಿ ಆಗಲೇ ಬಂದು ಅವನ ಮೇಲೇ ದೂರು ಕೊಟ್ಟಿತ್ತು!”

ಆರ್ಡಿಸ್ ಕಿಟಕಿಯಾಚೆ ನೋಡಿದಳು. “ಐಸ್‌ಕ್ರೀಮ್ ಕರಗತ್ತೆ, ಲೈಲ್.”

ಇಷ್ಟು ವರ್ಷಗಳಲ್ಲಿ ಅವಳು ಐಸ್‌ಕ್ರೀಮಿನ ಚಿಂತೆ ಮಾಡಿದವಳೇ ಅಲ್ಲ.

ಲೈಲ್ ಸೋಲೊಪ್ಪುವ ಗಿರಾಕಿಯಲ್ಲ. ಬೇಸಿಗೆಯಿಡೀ ತುಣುಕು ಕತ್ತರಿಸಿದ. ಪ್ರಾಟ್‌ನ ದನಿಯಲ್ಲಿ ಓದಿದ, ಮೇಕೆಯ ದನಿಯಲ್ಲಿ ಓದಿದ, ಮೂವರು ಹಾಸ್ಯಗಾರರೂ ತಾನೇ ಆಗಿ ಪರಸ್ಪರ ಬೈದುಕೊಂಡ. ಬೀದಿಯ ನಾಯಿಗಳು ಕೂಡ ಮುಗುಳ್ನಕ್ಕವು. ಆರ್ಡಿಸ್ ಚೀಲಗಳನ್ನೆತ್ತಿಕೊಂಡು ಒಳಗೆ ಹೋದಳು. ಮರದ ಎಲೆ ಉದುರುವ ಹೊತ್ತಿಗೆ ಅವನಿಗೆ ತಡೆಯಲಾಗಲಿಲ್ಲ.

“ಯಾಕೇ ನಗಲ್ಲ ನೀನು? ಮೊದಲೆಲ್ಲ ನನ್ನ ಜೋಕಿಗೆ ಎಷ್ಟು ನಗ್ತಿದ್ದೆ!”

“ಯಾವ ಜೋಕು?” ನಿಜವಾಗಿಯೂ ನೆನಪಿಸಿಕೊಳ್ಳುವವಳಂತೆ ಕೇಳಿದಳು.

“ಕಾರಲ್ಲಿ... ಉತ್ತರ ಕೂಗ್ತಿದ್ನಲ್ಲ.”

“ಓ, ಅದಾ. ನಾನು ರೇಡಿಯೋ ಕಡೆ ಕಿವಿ ಕೊಟ್ಟಿರ್ತಿದ್ದೆ ಮಾರಾಯಾ. ನೀನು ಕೂಗೋದ್ರಲ್ಲಿ ಅರ್ಧ ಹೋಗ್ಬಿಡ್ತಿತ್ತು.”

ಅದರಲ್ಲಿ ವ್ಯಂಗ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ಇದಕ್ಕೆ ಉಪ್ಪುಖಾರ ಹಚ್ಚುವ ಅಗತ್ಯವೂ ಇಲ್ಲ. ಲೈಲ್ ಆ ಮೇಲೆ ಪತ್ರಿಕೆ ಬಿಡಿಸಲಿಲ್ಲ. ಶನಿವಾರಗಳಲ್ಲಿ ಕಾರು ನಿಂತ ಕೂಡಲೇ ಇಬ್ಬರೂ ಇಳಿಯತೊಡಗಿದರು.

ನವೆಂಬರಿನ ಒಂದು ಮಧ್ಯಾಹ್ನ ಅವನು ಅಂಗಳದ ಹಿಮ ಎತ್ತುತ್ತಿದ್ದಾಗ ಅಡುಗೆಮನೆಯ ಗಾಜು ಅದುರಿತು. ಆ ನಗು! ಸಲಿಕೆ ಬಿಸಾಕಿ, ಬೂಟುಗಾಲಲ್ಲೇ ಒಳಗೆ ಓಡಿದ. ಆರ್ಡಿಸ್ ಬೆನ್ನು ತಿರುಗಿಸಿ ಆಲೂಗಡ್ಡೆ ಸಿಪ್ಪೆ ಸುಲಿಯುತ್ತಿದ್ದಳು. ಕಿವಿಯಲ್ಲಿ ಇಯರ್‌ಫೋನ್, ತಂತಿ ಅಂಗಿಯ ಜೇಬಿನ ಫೋನಿಗೆ. ಹಳೆಯ ಕಂತುಗಳನ್ನೆಲ್ಲ ರೇಡಿಯೋದವರು ಫೋನಿನಲ್ಲಿ ಕೇಳಲು ಬಿಟ್ಟಿದ್ದರು. ಲೈಲ್ ಕೂಗಿ ಮುಚ್ಚಿಹಾಕಿದ್ದ ಜೋಕುಗಳನ್ನು ಅವಳು ಈಗ ಮೊದಲ ಸಲ ಪೂರ್ತಿ ಕೇಳುತ್ತಿದ್ದಳು.

ತಿರುಗಿ ಅವನನ್ನು ಕಂಡದ್ದೇ ಅವಳ ನಗು ನಿಂತಿತು. ಒಂದು ಕಿವಿಯದನ್ನು ತೆಗೆದಳು. “ಏನಾದ್ರೂ ಬೇಕಿತ್ತಾ?”

“ನಾನೂ ಕೇಳ್ಲಾ?”

ಅವಳು ಸ್ವಲ್ಪ ಯೋಚಿಸಿದಳು. “ಸುಮ್ನೆ ಕೂತ್ಕೋತೀಯಾ?”

ಅವನು ತಲೆಯಾಡಿಸಿ ಪಕ್ಕದ ಕುರ್ಚಿಯಲ್ಲಿ ಕೂತ. ಆ ಒಂದನ್ನು ಅವನ ಕೈಗಿಟ್ಟಳು. ಪ್ರಾಟ್ ಯಾವುದೋ ಊರಿನ ಹಂದಿ ಚರ್ಚಿನೊಳಗೆ ನುಗ್ಗಿದ ಸುದ್ದಿ ಓದಿ ನಿಲ್ಲಿಸಿದ. ಲೈಲ್‌ನ ನಾಲಿಗೆಯ ತುದಿಗೆ ಉತ್ತರ ಬಂತು. ಹಲ್ಲು ಕಚ್ಚಿ ಹಿಡಿದ. ಹಾಸ್ಯಗಾರನೊಬ್ಬ ಮೆಲ್ಲಗೆ, ಅವಸರವೇ ಇಲ್ಲದೆ, ತನ್ನದನ್ನು ಹೇಳಿದ.

ಅದು ಲೈಲ್‌ನದಕ್ಕಿಂತ ಎಷ್ಟೋ ಚೆನ್ನಾಗಿತ್ತು.

ಆರ್ಡಿಸ್ ಚಾಕು ಕೆಳಗಿಟ್ಟು, ಸಿಂಕಿನ ಅಂಚು ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. “ಕೇಳಿದ್ಯಾ ಲೈಲ್? ಕೇಳಿದ್ಯಾ?”

“ಕೇಳ್ತು,” ಎಂದ ಲೈಲ್.